ಅಟ್ಟದಿಂದ ಇಳಿದ 43 ಕ್ಯಾಸೆಟ್‌ಗಳು

ಹಳೆ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸಿಕೊಡಿ ಅಂತ ಅಂಗಡಿಗೆ ಕೊಟ್ಟಿದ್ದೆ. ಅಂಗಡಿಯವನು ಕೊಟ್ಟ ಪೆನ್‌ಡ್ರೈವ್ ತಂದು ಕಂಪ್ಯೂಟರಿಗೆ ಚುಚ್ಚಿದೆ. ಇಂಗ್ಲಿಷ್ ರಾಕ್ ತಂಡ ಡೀಪ್ ಪರ್ಪಲ್‌ನ 'ಮೆಷಿನ್ ಹೆಡ್' ಆಲ್ಬಮ್ಮಿನ ಏಳೂ ಹಾಡು ಸಾಲಾಗಿ ಕೂತಿದ್ದವು. ಸದ್ದು ತೊಳೆದಿಟ್ಟ ಹಾಗಿತ್ತು. 30 ವರ್ಷ ಅಟ್ಟದ ಮೇಲಿದ್ದ ಕ್ಯಾಸೆಟ್ಟು ಇಷ್ಟು ಚೊಕ್ಕಟವಾಗಿ ಹಾಡೋದು ಹೇಗೆ ಅಂತ ಆಗಲೇ ಅನುಮಾನ ಬಂತು. ಕೊನೆಯ 'ಸ್ಪೇಸ್ ಟ್ರಕಿನ್' ಮುಗಿಯಿತು. ಅದಾದ ಮೇಲೆ ರಾಜ್‌ಕುಮಾರ್ ಬರಬೇಕಿತ್ತು. ಬರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಸಾರ್, ನಿಮ್ಮ ಕ್ಯಾಸೆಟ್ ತುಂಬಾ ಹಾಳಾಗಿತ್ತು. ಅದೇ ಹಾಡುಗಳನ್ನ ನೆಟ್‌ನಿಂದ ಹಾಕ್ಕೊಟ್ಟಿದೀನಿ. ಒರಿಜಿನಲ್ ಕ್ವಾಲಿಟಿ ಸಾರ್, ಇನ್ನೂ ಚೆನ್ನಾಗಿದೆ" ಅಂದ. ಅವನ ದೃಷ್ಟಿಯಲ್ಲಿ ಉಪಕಾರವನ್ನೇ ಮಾಡಿದ್ದ. ಬಯ್ಯೋಕೂ ಆಗಲಿಲ್ಲ. ಉಳಿದ ಕ್ಯಾಸೆಟ್‌ಗಳನ್ನು ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ರಾಜ್‌ಕುಮಾರ್ ಅಲ್ಲಿಗೆ ಬಂದದ್ದು ಹೀಗೆ. 'ಮೆಷಿನ್ ಹೆಡ್' ಇರೋದು ಸುಮಾರು 37 ನಿಮಿಷ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಸೈಡಿಗೆ 45 ನಿಮಿಷ. ಕೊನೆಗೆ ಏಳು ನಿಮಿಷ ಚಿಲ್ಲರೆ ಖಾಲಿ ಉಳಿಯುತ್ತದೆ. ನಮ್ಮ ಮನೆಯಲ್ಲಿ ಖಾಲಿ ಟೇಪು ಅಂದರೆ ಖಾಲಿ ಸೈಟು ಇದ್ದ ಹಾಗೆ, ಯಾರಾದರೂ ಬಂದು ಬೇಲಿ ಹಾಕುತ್ತಿದ್ದರು. ಅಕ್ಕ ಭದ್ರಾವತಿ ಆಕಾಶವಾಣಿಯಿಂದ 'ಜೀವನಚೈತ್ರ'ದ 'ನಾದಮಯ' ಹಾಡನ್ನು ಅಲ್ಲಿಗೆ ತುಂಬಿಸಿದ್ದಳು. ಹಾಡು ಶುರುವಾದ ಮೇಲೆ ನೆನಪಾಗಿ ಓಡಿ ಬಂದು ಒತ್ತಿದ್ದು, ಹಾಗಾಗಿ ಪಲ್ಲವಿ ಇಲ್ಲ. ಡ್ರಮ್ಮಿನ ಅಬ್ಬರ ನಿಲ್ಲುತ್ತದೆ, ಟಕ್ ಅನ್ನುತ್ತದೆ, ನಡುವಿನಿಂದ ಅಣ್ಣಾವ್ರ ದನಿ. ನನಗೆ ಆ ಆಲ್ಬಮ್ ಮುಗಿಯೋದೇ ಹಾಗೆ. ಈಗಲೂ ಎಲ್ಲಾದರೂ 'ಸ್ಪೇಸ್ ಟ್ರಕಿನ್' ಕೇಳಿದರೆ ಕೊನೆಗೆ ಕಿವಿ ಕಾಯುತ್ತದೆ.

ಎರಡು ವರ್ಷದ ಹಿಂದೆ ಶಿವಮೊಗ್ಗದ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಈ ರಟ್ಟಿನ ಡಬ್ಬ ಅಟ್ಟದಿಂದ ಇಳಿಯಿತು. 43 ಕ್ಯಾಸೆಟ್. ಮಲೆನಾಡಿನ ಮಳೆಗೆ ಹನ್ನೊಂದಕ್ಕೆ ಬೂಷ್ಟು ಹಿಡಿದಿತ್ತು. ರೇಡಿಯೊ, ಟೇಪು ಎರಡೂ ಇದ್ದ ನಮ್ಮ ಹಳೆಯ ಟೂ-ಇನ್-ಒನ್ ತೆರೆದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಬೆಂಗಳೂರಿನ ಸಂಡೇ ಬಜಾರಿನಲ್ಲಿ 1,800 ರೂಪಾಯಿಗೆ ಒಂದು ಹಳೆ ಕ್ಯಾಸೆಟ್ ಡೆಕ್ ಸಿಕ್ಕಿತು. ಎಸ್‌.ಪಿ. ರೋಡಿನಲ್ಲಿ ಅಳತೆ ನೋಡಿ ಹೊಸ ಬೆಲ್ಟು ತಂದೆ. ಹಾಕೋದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು.

ಇದನ್ನು ಮಾಡಬೇಕು ಅಂತಿರುವವರಿಗೆ ನಾನು ಕೆಟ್ಟು ಕಲಿತದ್ದನ್ನು ಹೇಳಿಬಿಡುತ್ತೇನೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆ ಡೆಕ್ಕಿಗೆ ಹಾಕಲೇಬೇಡಿ. ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗುಲಿಯ ಮೇಲೆ ಕೂತು, ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿದೆ. ಟೇಪು ಮೆತ್ತನೆ ಬಟ್ಟೆಯ ನಡುವೆ ಹಾದು ಬರುವ ಹಾಗೆ ಹಿಡಿದುಕೊಳ್ಳಬೇಕು. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆಯಾದರೂ ಬೇಕು. ಹೆಡ್ಡನ್ನು ಪ್ರತಿ ಸೈಡ್ ಆದ ಮೇಲೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಿದರೆ ನೀವೂ ಒರೆಸುತ್ತೀರಿ.

ಇನ್ನೊಂದು, ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ. ಹೆಡ್ ಎಷ್ಟು ಓರೆಯಾಗಿ ಕೂತಿದೆ ಅನ್ನೋದು ಅದರ ಕೈಯಲ್ಲಿರುತ್ತದೆ. ಬೇರೆ ಬೇರೆ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿದ ಕ್ಯಾಸೆಟ್ಟು ಅಂದರೆ ಪ್ರತಿಯೊಂದಕ್ಕೂ ಅದನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಡ್ರಮ್ಮಿನ ಜಾಗಟೆ ಸದ್ದು ಮಂಕಾಗಿದ್ದದ್ದು ಒಂದು ಕಡೆ ಥಟ್ಟಂತ ಚುರುಕಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಸದ್ದೇ ಹೋಗಿದೆ ಅಂತ ಪಕ್ಕಕ್ಕಿಟ್ಟಿದ್ದ ಆರು ಕ್ಯಾಸೆಟ್ಟು ಇಷ್ಟರಲ್ಲೇ ಎದ್ದು ಕೂತವು.

ಡೆಕ್ಕಿನ ಲೈನ್-ಔಟ್‌ನಿಂದ ಕಂಪ್ಯೂಟರಿಗೆ ಒಂದು ವೈರು. ಕಂಪ್ಯೂಟರಿನಲ್ಲಿ ಆಡಾಸಿಟಿ, ಬಿಟ್ಟಿ ಸಿಗುವ ಸಾಫ್ಟ್‌ವೇರ್. 44,100 ಹರ್ಟ್ಜ್, 16 ಬಿಟ್, ವೇವ್ ಫೈಲು. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಇದರಲ್ಲಿ ಅಡ್ಡದಾರಿ ಇಲ್ಲ. 45 ನಿಮಿಷದ ಸೈಡಿಗೆ 45 ನಿಮಿಷ ಕೂರಲೇಬೇಕು. ನಾನು ಕೂತೆ. ಕೂತಾಗಲೇ ಇದೆಲ್ಲ ನೆನಪಾಗಿದ್ದು.

ಹಾಡು ಹಾಡಾಗಿ ತುಂಡು ಮಾಡಬಾರದು, ಸೈಡಿಗೆ ಒಂದೇ ಫೈಲು ಇರಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಹಿಸ್ ಅನ್ನೋ ಸದ್ದು ತೆಗೆಯೋ ಗುಂಡಿಯನ್ನು ಒಂದು ಸಲ ಒತ್ತಿ ನೋಡಿ ವಾಪಸ್ ತೆಗೆದೆ. ಯಾಕೆ ಅಂತ ಡೈರ್ ಸ್ಟ್ರೇಟ್ಸ್ ತಂಡದ ಕ್ಯಾಸೆಟ್ ಹಾಕಿದಾಗ ನನಗೇ ಸರಿಯಾಗಿ ಗೊತ್ತಾಯಿತು.

'ಬ್ರದರ್ಸ್ ಇನ್ ಆರ್ಮ್ಸ್', 1985ರದ್ದು. ಎಲ್‌ಪಿ ತಟ್ಟೆಯಲ್ಲಿ ಜಾಗ ಸಾಲದು ಅಂತ ಮೊದಲ ಸೈಡಿನ ಹಾಡುಗಳನ್ನು ಚಿಕ್ಕದು ಮಾಡಿದ್ದರು. ಸಿಡಿಯಲ್ಲೂ ಕ್ಯಾಸೆಟ್ಟಿನಲ್ಲೂ ಉದ್ದದ ಹಾಡುಗಳೇ ಇದ್ದವು. ಅದೇ ನಮಗೆ ತೊಂದರೆಯಾಯಿತು. ಮೊದಲ ಸೈಡ್ 33 ನಿಮಿಷದ ಹತ್ತಿರ ಬರುತ್ತದೆ. ನನ್ನ ಹತ್ತಿರ ಇದ್ದದ್ದು 60 ನಿಮಿಷದ ಕ್ಯಾಸೆಟ್, ಸೈಡಿಗೆ 30. ಐದನೆಯ ಹಾಡು 'ವೈ ವರಿ' ಇನ್ನೂ ನಡೆಯುತ್ತಿರುವಾಗಲೇ ಟೇಪು ಮುಗಿದುಹೋಗುತ್ತದೆ. ಗಿಟಾರಿನ ಒಂದು ಎಳೆ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ವಾಕ್‌ಮನ್‌ನ ಗುಂಡಿ ಟಪ್ ಅಂತ ಮೇಲೇಳುತ್ತದೆ.

ಎಂಜಿನಿಯರಿಂಗಿನ ಎರಡನೆ ವರ್ಷ. ಗಣಿತದ ಪೇಪರು ಎಂ-ತ್ರೀ ಹೋಗಿತ್ತು, ಫೇಲು. ಮನೆಯಲ್ಲಿ ಹೇಳಬೇಕು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು, ಕೊನೆ ಸೀಟು. ತುಮಕೂರು ದಾಟುವಷ್ಟರಲ್ಲಿ ಈ ಕ್ಯಾಸೆಟ್ ಹಾಕಿದೆ. ಸೆಲ್ಲು ಹಳೆಯದು, ಹಾಸ್ಟೆಲಿನ ಟೆರೇಸಿನ ಮೇಲೆ ಬಿಸಿಲಿಗಿಟ್ಟು ಜೀವ ತುಂಬಿಸಿದ್ದು. ಅರಸೀಕೆರೆ ಹೊತ್ತಿಗೆ ಶಕ್ತಿ ಕುಂದಿ 'ವಾಕ್ ಆಫ್ ಲೈಫ್' ಮದುವೆ ಮನೆಯ ಹಾಡಿನ ಬದಲು ಸಾವಿನ ಮನೆಯ ಹಾಡಿನ ಹಾಗೆ ಎಳೆಯತೊಡಗಿತು. ಆದರೂ ತಿರುಗಿಸಿ ತಿರುಗಿಸಿ ಕೇಳಿದೆ. ಚಿಂತೆ ಯಾಕೆ ಅಂತ ಕೇಳುವ ಹಾಡು, ಸಮಾಧಾನ ಪೂರ್ತಿ ಹೇಳುವ ಮೊದಲೇ ಪ್ರತಿ ಸಲ ನಿಂತುಬಿಡುತ್ತಿತ್ತು. ಬೆಳಿಗ್ಗೆ ಅಪ್ಪ ಏನೂ ಅನ್ನಲಿಲ್ಲ. "ಮುಖ ತೊಳಕೋ, ಕಾಫಿ ಇದೆ" ಅಂದರು.

ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಆಫೀಸ್ ಕ್ಯಾಬಿನಲ್ಲಿ ಸಿಡಿ ಹಾಕಿದ್ದರು. 'ವೈ ವರಿ' ನನ್ನ ಜಾಗದಲ್ಲಿ ನಿಲ್ಲದೆ ಮುಂದೆ ಹೋಯಿತು. ಇನ್ನೂ ಎರಡು ನಿಮಿಷಕ್ಕೂ ಜಾಸ್ತಿ ಬರೀ ವಾದ್ಯ, ತುಂಬಾ ಮೆತ್ತಗೆ. ಚೆನ್ನಾಗಿಯೇ ಇದೆ. ಆದರೆ ನಿಜ ಹೇಳಬೇಕೆಂದರೆ ನನಗೆ ಹಿಡಿಸಲಿಲ್ಲ. ಯಾರದೋ ಮನೆಗೆ ಹೋಗಿ, ಹೊರಡೋ ಹೊತ್ತಾದ ಮೇಲೂ ಸುಮ್ನೆ ಕೂತಿರೋ ಹಾಗನ್ನಿಸಿತು.

ನಿರ್ವಾಣ ತಂಡದ 'ನೆವರ್‌ಮೈಂಡ್' ಡಬ್ಬದಲ್ಲಿ ಇಲ್ಲ. ಅದನ್ನು ಕೇಳಿದ್ದು ರೂಮ್‌ಮೇಟಿನ ಸಿಡಿಯಲ್ಲಿ. ಆದರೂ ಒಂದು ರಾತ್ರಿ ಹೇಳಬೇಕು. ಕೊನೆ ಹಾಡು ಮುಗಿದು ಹತ್ತು ನಿಮಿಷ ಪೂರ್ತಿ ಮೌನ ಇದೆ, ಆಮೇಲೆ ಹೆಸರು ಹಾಕದ ಇನ್ನೊಂದು ಹಾಡು ಬಾಂಬಿನ ಹಾಗೆ ಸಿಡಿಯುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಸ್ಪೀಕರ್ ಆರಿಸದೆ ಮಲಗಿಬಿಟ್ಟಿದ್ದೆವು. ಆ ಸದ್ದಿಗೆ ಪಕ್ಕದ ರೂಮಿನವನು ಗೋಡೆ ಬಿತ್ತು ಅಂತ ಚಡ್ಡಿಯಲ್ಲೇ ಕಾರಿಡಾರಿಗೆ ಓಡಿದ. ಈಗ ಅವನು ದೊಡ್ಡ ಕಂಪನಿಯಲ್ಲಿ ದೊಡ್ಡ ಮನುಷ್ಯ.

ಕೊನೆಗೆ ಉಳಿಸಿಕೊಂಡಿದ್ದು ಪಿಂಕ್ ಫ್ಲಾಯ್ಡ್ ತಂಡದ್ದು. 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್', 1973. ನನ್ನ ಪ್ರತಿ 1991ರದ್ದು.

ದೊಡ್ಡಮ್ಮನ ಮಗ, ನಮ್ಮಣ್ಣ, ಬೆಂಗಳೂರಿನಲ್ಲಿ ಓದುತ್ತಿದ್ದ. ಒರಿಜಿನಲ್ ಕ್ಯಾಸೆಟ್ ತಂದಿದ್ದ. "ಶನಿವಾರ ಸಂಜೆ ಕೊಡ್ತೀನಿ, ಸೋಮವಾರ ಬೆಳಿಗ್ಗೆ ವಾಪಸ್ ಬೇಕು" ಅಂದ. ನಮ್ಮಲ್ಲಿ ಎರಡು ಕ್ಯಾಸೆಟ್ ಹಿಡಿಯುವ ಡೆಕ್ ಇರಲಿಲ್ಲ. ಪಕ್ಕದ ಮನೆಯವರ ಟೇಪ್‌ರೆಕಾರ್ಡರ್ ತಂದು ನಮ್ಮ ಟೂ-ಇನ್-ಒನ್ ಎದುರಿಗೆ ಒಂದೂವರೆ ಅಡಿ ದೂರದಲ್ಲಿಟ್ಟೆ. ಅದು ಹಾಡಬೇಕು, ಇದು ತನ್ನ ಪುಟ್ಟ ಮೈಕಿನಿಂದ ಕೇಳಿಸಿಕೊಳ್ಳಬೇಕು. ತುಂಬಿಸುವ ಕ್ಯಾಸೆಟ್ ಯಾವುದೋ ಹಳೆ ಹರಿಕಥೆಯದ್ದು. ಬೆನ್ನಿನ ಕಿವಿ ಮುರಿದಿದ್ದ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಅಂತ ಕಂಡುಕೊಂಡಿದ್ದೆ. ಕಿಟಕಿಗೆ ಜಮಖಾನ, ಬಾಗಿಲಿನ ಸಂದಿಗೆ ಟವೆಲ್. 'ಮೆಷಿನ್ ಹೆಡ್' ಮಾಡುವಾಗ ಡೀಪ್ ಪರ್ಪಲ್‌ನವರೂ ಹೆಚ್ಚುಕಮ್ಮಿ ಇದನ್ನೇ ಮಾಡಿದ್ದರು ಅಂತ ಆಮೇಲೆ ಓದಿದೆ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂದಲ್ಲಿ ಅವರು ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೊ ಸುಟ್ಟುಹೋಗಿ, ಖಾಲಿ ಹೋಟೆಲಿನ ಕಾರಿಡಾರಿಗೆ ಹಾಸಿಗೆ ಅಡ್ಡ ಇಟ್ಟು ನುಡಿಸಿದರು. ಅವರಿಗೆ ಹೊರಗೆ ನಿಲ್ಲಿಸಲು ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಲಾರಿ ಇತ್ತು, ಅಷ್ಟೇ ವ್ಯತ್ಯಾಸ.

ಭಾನುವಾರ ಮಧ್ಯಾಹ್ನ ಶುರು ಮಾಡಿದೆ. ಮೊದಲು ಎದೆ ಬಡಿತ, ಕೇಳಿಯೂ ಕೇಳದಷ್ಟು. ಸಾಲದು ಅಂತ ವಾಲ್ಯೂಮ್ ಏರಿಸಿದೆ. ಅದೇ ತಪ್ಪಾಯಿತು. 'ಟೈಮ್' ಹಾಡಿನ ಶುರುವಿನಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ರೆಕಾರ್ಡಿಂಗ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆ ಗಡಿಯಾರದ ಅಂಗಡಿಗೇ ಹೋಗಿ ಹಿಡಿದು ತಂದ ಸದ್ದು ಅದು. ಊಟ ಮಾಡಿ ಮಲಗಿದ್ದ ಅಪ್ಪ ಎದ್ದು ಕೂತು ಅಲಾರಂ ಹುಡುಕಿದರು. 2002ರಲ್ಲಿ, ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಸಾವಿರಾರು ಜನರ ಹಿಂದೆ ಎಲ್ಲೋ ನಿಂತಿದ್ದ ನನಗೆ ಆ ಹಾಡಿಗೆ ನೆನಪಾಗಿದ್ದು ದಿಂಬಿನ ಕೆಳಗೆ ಕೈ ಆಡಿಸುತ್ತಿದ್ದ ಅಪ್ಪ.

ಮೊದಲ ಸೈಡಿನ ಕೊನೆಗೆ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ತಂಡದ ರಿಚರ್ಡ್ ರೈಟ್‌ರ ಪಿಯಾನೊ, ಅದರ ಮೇಲೆ ಒಬ್ಬ ಹೆಂಗಸಿನ ದನಿ. ಮಾತಿಲ್ಲ, ಬರೀ ಕೂಗು, ನರಳಾಟ. ಹಾಡಿದವರು ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ಸ್ಟುಡಿಯೊಗೆ ಕರೆಸಿ, ಮಾತು ಬೇಡ, ತೋಚಿದ್ದು ಹಾಡಿ ಅಂದರು. 30 ಪೌಂಡ್ ಕೊಟ್ಟು ಕಳಿಸಿದರು. ಹಾಡು ಕಟ್ಟಿದವರಲ್ಲಿ ತನ್ನ ಹೆಸರೂ ಸೇರಬೇಕು ಅಂತ ಆಕೆ 2004ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ರಾಜಿಯಾಗಿ ಹೆಸರು ಸೇರಿತು. 32 ವರ್ಷ!

ನನ್ನ ಕ್ಯಾಸೆಟ್ಟಿನಲ್ಲಿ ಆ ಹಾಡಿನಲ್ಲಿ ಇನ್ನೊಂದು ದನಿಯೂ ಇದೆ. ಕೂಗೆಲ್ಲ ಮುಗಿದು ಪಿಯಾನೊ ಮೆಲ್ಲಗಾಗುತ್ತದೆ. ಆಗ ಒಳಗಿನಿಂದ ಒಂದು ಪ್ರಶ್ನೆ: "ಯಾರೋ ಅದು ಅಳ್ತಿರೋದು?"

ನಾನು "ಶ್!" ಅಂದದ್ದೂ ಇದೆ.

ಅದು ಅಷ್ಟು ಜೋರಾಗಿ ಹೇಗೆ ಬಂತು ಅಂತ ಈಗ ಗೊತ್ತು. ಆ ಟೇಪ್‌ರೆಕಾರ್ಡರ್‌ಗಳಲ್ಲಿ ಮೈಕಿನ ಮಟ್ಟ ತಾನಾಗಿ ಹೊಂದಿಕೊಳ್ಳುತ್ತಿತ್ತು. ಜೋರು ಸದ್ದಿಗೆ ತಗ್ಗುತ್ತದೆ, ಮೆಲ್ಲಗಾದರೆ ತಾನೇ ಏರಿಸಿಕೊಳ್ಳುತ್ತದೆ. ಹಾಡು ಉಸಿರು ತಗ್ಗಿಸಿದ ಕೂಡಲೇ ನಮ್ಮ ಮನೆ ಏರಿ ಬರುತ್ತದೆ. ಪಾತ್ರೆ, ಬಾವಿ ರಾಟೆ, ಒಂದು ಕಾಗೆ. ನನ್ನ ಮಟ್ಟಿಗೆ ಆ ಪ್ರಶ್ನೆ ಸದಾ ಅಮ್ಮನ ದನಿಯಾಗಿತ್ತು. ಅಮ್ಮ ಸೌಟು ಹಿಡಿದು ಬಾಗಿಲ ಬಳಿ ನಿಂತು ಕೇಳಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಹಾಸ್ಟೆಲಿನಲ್ಲಿ ಗೆಳೆಯರಿಗೆಲ್ಲ ಹಾಗೇ ಹೇಳಿದ್ದೆ. ಪಿಂಕ್ ಫ್ಲಾಯ್ಡ್‌ನಲ್ಲಿ ನಮ್ಮಮ್ಮನೂ ಇದ್ದಾರೆ ಅಂತ.

ಈ ಸೈಡ್ ಇಳಿಸುವಾಗ ಎದೆ ಬಡಿತ ನೋಡಿ ಮಟ್ಟ ಇಡಲಿಲ್ಲ. ಗಡಿಯಾರಗಳ ತನಕ ಓಡಿಸಿ, ಮುಳ್ಳು ಮೈನಸ್ 6 ಡಿಬಿ ದಾಟದ ಹಾಗೆ ನೋಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿದೆ. ಆ ಜಾಗ ಮಾತ್ರ ಸ್ವಲ್ಪ ಜೋರು ಮಾಡಿ ಕೇಳಿಸಿದೆ.

"ಇದು ನಾನಲ್ವೋ" ಅಂದರು. "ನಿಮ್ಮಜ್ಜಿ."

ಅಜ್ಜಿ ಹೋಗಿದ್ದು 1994ರಲ್ಲಿ. ಅವರ ದನಿ ನಮ್ಮ ಮನೆಯಲ್ಲಿ ಬೇರೆ ಎಲ್ಲೂ ಇಲ್ಲ. ನಾನು ನಂಬಲಿಲ್ಲ. ಮತ್ತೆ ಹಾಕಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿದರು, ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

"ನಿನ್ನ ಶ್ ಆದ್ಮೇಲೂ ಏನೋ ಅಂತಿದಾರೆ, ಕೇಳಿಸಲ್ವಾ?"

ನನಗೆ ಅಲ್ಲಿ ಯಾವತ್ತೂ ಗೊಣಗಾಟ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಹೆಡ್‌ಫೋನ್ ತೆಗೆದು ನನಗೆ ಕೊಟ್ಟು, ತಾವೇ ಅತ್ತೆಯ ದನಿಯಲ್ಲಿ ಹೇಳಿ ತೋರಿಸಿದರು.

"'ಅಳ್ತಿದಾಳಲ್ಲೋ ಪಾಪ, ಊಟ ಆಯ್ತಾ ಕೇಳು.'"