ಮೋಷನ್ ರಿಗ್ ಕಟ್ಟೋರು ಮೋಟರ್‌ಗಿಂತ ಮೊದಲು ಫ್ರೇಮ್ ನೋಡಿ

ಮನೆಯಲ್ಲೇ ರೇಸಿಂಗ್ ಸಿಮ್ ರಿಗ್, ಅಂದರೆ ಕಾರ್ ರೇಸ್ ಗೇಮ್ ಆಡೋಕೆ ಸೀಟು, ಸ್ಟೀರಿಂಗ್, ಪೆಡಲ್ ಕೂರಿಸಿದ ಚೌಕಟ್ಟು, ಕಟ್ಟುತ್ತಿದ್ದೀರಾ? ಅದಕ್ಕೆ ಮೋಟರ್ ಹಾಕಿ ಗೇಮ್‌ಗೆ ತಕ್ಕಂತೆ ಅಲುಗೋ ಹಾಗೆ ಮಾಡಿದರೆ ಮೋಷನ್ ರಿಗ್. ಮೋಟರ್‌ಗೆ ದುಡ್ಡು ಹಾಕುವ ಮೊದಲು ಫ್ರೇಮ್ ಗಟ್ಟಿ ಮಾಡಿಕೊಳ್ಳಿ. ನನ್ನ ಮೊದಲ ರಿಗ್ ಪ್ಲೈವುಡ್‌ನದು. ಬ್ರೇಕ್ ಜೋರಾಗಿ ಒತ್ತಿದರೆ ಪೆಡಲ್ ಹಲಗೆಯೇ ಬಾಗುತ್ತಿತ್ತು, ಅದರ ಮೇಲೆ ಎರಡು ವೈಪರ್ ಮೋಟರ್ ಕೂರಿಸಿದೆ ನೋಡಿ, ಸೀಟು ಒಂದು ಕಡೆ ಸ್ಟೀರಿಂಗ್ ಇನ್ನೊಂದು ಕಡೆ ಅಲುಗಾಡೋಕೆ ಶುರುವಾಯಿತು. ಈಗ 40x80 ಮಿ.ಮೀ. ಅಲ್ಯೂಮಿನಿಯಂ ಪ್ರೊಫೈಲ್ (ಉದ್ದಕ್ಕೂ ಬೋಲ್ಟ್ ಕೂರಿಸುವ ತೋಡು ಇರುವ ಪಟ್ಟಿ) ಹಾಕಿದ್ದೇನೆ. ಬೋಲ್ಟ್ ಸಡಿಲಿಸಿ ಏನು ಬೇಕಾದರೂ ಸರಿಸಬಹುದು, ಹೊಸದಾಗಿ ತೂತು ಕೊರೆಯೋ ಗೋಜಿಲ್ಲ.

ಆಮೇಲೆ ನಾಲ್ಕು ಮೂಲೆಗೂ ಸರ್ವೋ ಆಕ್ಚುಯೇಟರ್ (ರಿಗ್ಗನ್ನು ಎತ್ತಿ ಇಳಿಸುವ ಮೋಟರ್ ಕಾಲು) ಹಾಕಿದೆ. ಇಲ್ಲಿ ನಾನು ಪಟ್ಟ ಪಾಡು ನೀವು ಪಡಬೇಡಿ. ಸರ್ವೋ ಆನ್ ಆದ ತಕ್ಷಣ ಪೆಡಲ್‌ನ ಯುಎಸ್‌ಬಿ ಕಟ್ ಆಗುತ್ತಿತ್ತು. ಒಂದು ವಾರ ಸುಮ್ನೆ ಸಾಫ್ಟ್‌ವೇರ್ ಕೆದಕಿದೆ. ತಪ್ಪು ಇದ್ದದ್ದು ವೈರಿಂಗ್‌ನಲ್ಲಿ: ಮೋಟರ್ ಕೇಬಲ್, ಯುಎಸ್‌ಬಿ ಕೇಬಲ್ ಎರಡನ್ನೂ ಒಂದೇ ಟೈನಲ್ಲಿ ಬಿಗಿದಿದ್ದೆ, ಮೋಟರ್ ಕೇಬಲ್‌ನ ವಿದ್ಯುತ್ ಅಡಚಣೆ ಯುಎಸ್‌ಬಿಗೆ ನುಗ್ಗುತ್ತಿತ್ತು. ಎರಡನ್ನೂ ದೂರ ಮಾಡಿ, ಮೋಟರ್‌ಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಹಾಕಿ, ಸರ್ವೋ ನಡೆಸುವ ಡ್ರೈವ್‌ಗೂ ಫ್ರೇಮ್‌ಗೂ ಸರಿಯಾಗಿ ಅರ್ಥಿಂಗ್ ಕೊಟ್ಟ ಮೇಲೆ ಕಾಟ ನಿಂತಿತು.

ಎಮರ್ಜೆನ್ಸಿ ಸ್ಟಾಪ್ ಬಟನ್ ಇಲ್ಲದೆ ಒಂದು ದಿನವೂ ಓಡಿಸಬೇಡಿ. ಬೆಲ್ಟ್ ಹಾಕಿ ಕುಳಿತಾಗಲೂ ಕೈಗೆ ಸಿಗಬೇಕು. ರಿಗ್ ಕೆಳಗೆ ಮಕ್ಕಳು ಕೈ ಹಾಕುತ್ತಾರೆ, ಬೆಕ್ಕು ನುಗ್ಗುತ್ತೆ. ಗೇಮ್ ನೋಡಿ ಮೋಟರ್ ಆಡಿಸುವ ಸಾಫ್ಟ್‌ವೇರ್ ಸಿಮ್‌ಹಬ್‌ನಲ್ಲಿ ಮೋಷನ್ ಮೊದಲು ಕಡಿಮೆ ಇಟ್ಟು ನಾಲ್ಕು ಲ್ಯಾಪ್ ಓಡಿಸಿ, ನಿಧಾನಕ್ಕೆ ಏರಿಸಿ. ಜಾಸ್ತಿ ಕುಲುಕಿದರೆ ಮಜಾ ಜಾಸ್ತಿ ಅಂತೇನಿಲ್ಲ, ತಲೆ ಸುತ್ತುತ್ತೆ ಅಷ್ಟೇ.