ದಾವಣಗೆರೆಯಲ್ಲೇ ಪ್ರೋಟೀನ್ ಹರಳು ಬೆಳೆಸಿದೆವು

ಪ್ರೋಟೀನಿನ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂದು ಕಂಡುಹಿಡಿಯುವುದು, ಅಂದರೆ ಪ್ರೋಟೀನ್ ರಚನೆ ಬಿಡಿಸುವುದು ಅಂದರೆ ದೊಡ್ಡ ಎಕ್ಸ್‌-ರೇ ಯಂತ್ರ, ಅದೆಲ್ಲ ಬೆಂಗಳೂರಿನವರ ಕೆಲಸ ಅನ್ನುವವರು ನಮ್ಮಲ್ಲಿ ಜಾಸ್ತಿ. ಆದರೆ ಯಂತ್ರ ಬೇಕಾಗುವುದು ನಡುವಿನ ಹಂತಕ್ಕೆ ಮಾತ್ರ. ಹರಳು ಬೆಳೆಸುವುದು ಮತ್ತು ಕೊನೆಗೆ ಕಂಪ್ಯೂಟರಿನಲ್ಲಿ ರಚನೆ ಕಟ್ಟುವುದು, ಈ ಎರಡನ್ನೂ ನಾನು ದಾವಣಗೆರೆಯ ಕಾಲೇಜು ಲ್ಯಾಬಿನಲ್ಲೇ ಎಂ.ಎಸ್ಸಿ. ಮಕ್ಕಳ ಜೊತೆ ಮಾಡಿದ್ದೇನೆ.

ಆರಿಸಿಕೊಂಡದ್ದು ಲೈಸೋಜೈಮ್. ಕೋಳಿಮೊಟ್ಟೆಯ ಬಿಳಿ ಭಾಗದ ಕಿಣ್ವ, 129 ಅಮೈನೋ ಆಮ್ಲಗಳ ಸರಪಳಿ. ಎಕ್ಸ್‌-ರೇಯಿಂದ ರಚನೆ ತಿಳಿದ ಮೊದಲ ಕಿಣ್ವವೂ ಇದೇ. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಅದನ್ನು ಬಿಡಿಸಿತು. ಪುಡಿ ಸುಲಭವಾಗಿ ಸಿಗುತ್ತದೆ, ಹೆಚ್ಚು ಸತಾಯಿಸುವುದಿಲ್ಲ.

ಆಮ್ಲೀಯತೆಯನ್ನು ಸ್ಥಿರವಾಗಿಡುವ ಅಸಿಟೇಟ್ ಬಫರಿನಲ್ಲಿ, ಪಿಎಚ್ 4.6ರ ಹತ್ತಿರ, ಮಿಲಿಲೀಟರಿಗೆ 50 ಮಿಲಿಗ್ರಾಂ ಲೈಸೋಜೈಮ್ ಕರಗಿಸುತ್ತೇವೆ. ಸಿಲಿಕೋನ್ ಹಚ್ಚಿದ ಕವರ್‌ಸ್ಲಿಪ್ ಮೇಲೆ ಅದರ 2 ಮೈಕ್ರೋಲೀಟರ್, ಅದಕ್ಕೇ ಸೇರಿಸಿ ಉಪ್ಪಿನ ದ್ರಾವಣ 2 ಮೈಕ್ರೋಲೀಟರ್. ಸ್ಲಿಪ್ ಮಗುಚಿ, ಪ್ಲೇಟಿನಲ್ಲಿ ಶೇ 6ರ ಉಪ್ಪುನೀರಿರುವ ಗುಳಿಯ ಮೇಲಿಟ್ಟು ಅಂಚಿಗೆ ಗ್ರೀಸ್ ಬಳಿದರೆ ಮುಗಿಯಿತು. ಹನಿಯ ನೀರು ಆವಿಯಾಗಿ ಕೆಳಗಿನ ಉಪ್ಪುನೀರಿಗೆ ಸೇರುತ್ತಾ ಹೋಗುತ್ತದೆ. ಪ್ರೋಟೀನ್ ನಿಧಾನಕ್ಕೆ ದಟ್ಟವಾಗಿ ಹರಳುಗಟ್ಟುತ್ತದೆ.

ನಮ್ಮೂರಿನ ತೊಂದರೆ ಬಿಸಿಲು. ಬಿಸಿ ಏರಿದರೆ ಲೈಸೋಜೈಮ್ ಹೆಚ್ಚು ಕರಗುತ್ತದೆ, ಹರಳು ಬರುವುದೇ ಇಲ್ಲ. ಹಗಲು ಕಾದು ರಾತ್ರಿ ತಣ್ಣಗಾದರೆ ಬೆಳವಣಿಗೆಯೂ ಸಮನಾಗಿರುವುದಿಲ್ಲ. ಏಪ್ರಿಲ್‌ನಲ್ಲಿ ಪ್ಲೇಟನ್ನು ಥರ್ಮಾಕೋಲ್ ಡಬ್ಬಿಗೆ ಹಾಕಿ ಎಸಿ ಇರುವ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿಟ್ಟೆವು. ಕರೆಂಟ್ ಹೋದರೂ ಡಬ್ಬಿಯೊಳಗೆ ತಕ್ಷಣ ಏರುಪೇರಾಗಲಿಲ್ಲ. ಆಗಾಗ ತೆಗೆದು ನೋಡುವುದಕ್ಕೆ ಮಾತ್ರ ಬಿಡಬಾರದು. ಮಕ್ಕಳಿಗೆ ಅದೇ ಕಷ್ಟ!

ಹರಳು ಕಂಡರೆ ಅದು ಪ್ರೋಟೀನಿನದೋ ಉಪ್ಪಿನದೋ? ಮೈಕ್ರೋಸ್ಕೋಪಿನಲ್ಲಿ ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್, ಅಡ್ಡಡ್ಡ ಇಟ್ಟು ನೋಡಿ. ಅಡುಗೆ ಉಪ್ಪಿನ ಹರಳು ಕಪ್ಪಗೇ ಉಳಿಯುತ್ತದೆ. ಲೈಸೋಜೈಮ್ ತಿರುಗಿಸಿದಂತೆ ಮಸುಕಾಗಿ ಬೆಳಗುತ್ತದೆ. ಆದರೂ ಅನುಮಾನ ಇದ್ದರೆ ಒಂದನ್ನು ಬಲಿಕೊಟ್ಟು ಸೂಜಿಯಿಂದ ಒತ್ತಿ. ಪ್ರೋಟೀನ್ ಹರಳಿನಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಪುಡಿಯಾಗುತ್ತದೆ, ಉಪ್ಪು ಗಟ್ಟಿಯಾಗಿ ಎದುರು ನಿಲ್ಲುತ್ತದೆ.

ಎಕ್ಸ್‌-ರೇಗೆ ಬೆಂಗಳೂರಿಗೆ ಹೋದೆವು. ಸಣ್ಣ ನೈಲಾನ್ ಕುಣಿಕೆಯಲ್ಲಿ ಹರಳು ಹಿಡಿದು, ಒಳಗೆ ಮಂಜುಗಡ್ಡೆ ಕಟ್ಟದಂತೆ ಗ್ಲಿಸರಾಲ್ ಇರುವ ದ್ರಾವಣದಲ್ಲಿ ಅದ್ದಿ, ಸುಮಾರು 100 ಕೆಲ್ವಿನ್‌ನ ನೈಟ್ರೋಜನ್ ಗಾಳಿಯಲ್ಲಿಟ್ಟು ಚಿತ್ರ ತೆಗೆದರು. ಹರಳಿನಿಂದ ಚದುರಿದ ಕಿರಣಗಳು ಚಿತ್ರದಲ್ಲಿ ಚುಕ್ಕೆಗಳಾಗಿ ಬೀಳುತ್ತವೆ. ಚುಕ್ಕೆಗಳ ತೀವ್ರತೆ ಸಿಗುತ್ತದೆ, ರಚನೆ ಲೆಕ್ಕ ಹಾಕಲು ಬೇಕಾದ ಫೇಸ್ (ಅಲೆಯ ಏರಿಳಿತದ ಸ್ಥಾನ) ಸಿಗುವುದಿಲ್ಲ. ಅದಕ್ಕೆ ಮೊದಲೇ ತಿಳಿದಿರುವ ಲೈಸೋಜೈಮ್ ಮಾದರಿಯ ಸಹಾಯ ಪಡೆದೆವು. ಬೆಂಗಳೂರಿಗೆ ಹೋಗಲಾಗದಿದ್ದರೆ 1971ರಿಂದ ನಡೆಯುತ್ತಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ರಚನೆಗಳ ಸಾರ್ವಜನಿಕ ಸಂಗ್ರಹದಿಂದ ಡೇಟಾ ಪುಕ್ಕಟೆ ಇಳಿಸಿಕೊಳ್ಳಬಹುದು.

ಆಮೇಲಿನದು ನನಗೆ ಇಷ್ಟದ ಕೆಲಸ. ಕೂಟ್ ಎಂಬ ಉಚಿತ ತಂತ್ರಾಂಶದಲ್ಲಿ ಎಲೆಕ್ಟ್ರಾನ್ ಸಾಂದ್ರತೆ, ಅಂದರೆ ಎಲೆಕ್ಟ್ರಾನ್‌ಗಳು ಎಲ್ಲಿ ಎಷ್ಟಿವೆ ಎಂಬುದು, ನೀಲಿ ಬಲೆಯಾಗಿ ಕಾಣುತ್ತದೆ, ಅದರೊಳಗೆ ಪರಮಾಣುಗಳನ್ನು ಕೂರಿಸಬೇಕು. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದ ಜೋಡಿ ಉಂಗುರ ಸ್ಪಷ್ಟವಾಗಿ ಕಂಡಾಗ ಮಕ್ಕಳು ಕೂಗಿಯೇಬಿಟ್ಟರು. ಆದರೆ ಹೊರಮೈಯಲ್ಲಿರುವ, ಉದ್ದ ಬಾಲದ ಇನ್ನೊಂದು ಅಮೈನೋ ಆಮ್ಲವಾದ ಕೆಲವು ಲೈಸೀನ್‌ಗಳ ತುದಿಗೆ ಬಲೆಯೇ ಇರಲಿಲ್ಲ, ಅವು ಅಲುಗಾಡುತ್ತಿರುತ್ತವೆ. ಸುಮ್ನೆ ಅಂದಾಜಿನಲ್ಲಿ ತುಂಬಿಸೋಣ ಅಂದಳು ಒಬ್ಬಳು. ಬೇಡ ಅಂದೆ. ಕಾಣುವವರೆಗೆ ಮಾತ್ರ ಕಟ್ಟಿ, ಉಳಿದದ್ದನ್ನು ಖಾಲಿ ಬಿಟ್ಟೆವು. ತುದಿಯವರೆಗೂ ಕಟ್ಟಬೇಕು ಅನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.