ಪಲ್ಟಿ ಹೊಡೆದ ಥಾರ್‌ಗೆ ಇನ್ಶೂರೆನ್ಸ್ ಹಣ ಪೂರ್ತಿ ಪಡೆಯೋದು ಹೇಗೆ

2023ರ ಆಗಸ್ಟ್. ಜೋರು ಮಳೆ. ಸಕಲೇಶಪುರದಿಂದ ಬಿಸಿಲೆ ಕಡೆಗೆ, ಗೆಳೆಯನ ಎಸ್ಟೇಟಿನ ಮಣ್ಣು ದಾರಿಯಲ್ಲಿ ನನ್ನ ಥಾರ್ ಜೀಪ್ ಜಾರಿತು. ಕಾಫಿ ಗಿಡಗಳ ಮಧ್ಯೆ ಎರಡು ಪಲ್ಟಿ ಹೊಡೆದು, ಚಕ್ರ ಮೇಲೆ ಮಾಡಿಕೊಂಡು ನಿಂತಿತು. ಒಳಗಿದ್ದ ಇಬ್ಬರೂ ಬೆಲ್ಟ್ ಹಾಕಿದ್ದೆವು, ತರಚು ಗಾಯದಲ್ಲಿ ಪಾರಾದೆವು. ಆಮೇಲೆ ಹತ್ತು ವಾರ ಇನ್ಶೂರೆನ್ಸ್ ಕಂಪನಿಯ ಜೊತೆ ಹಗ್ಗಜಗ್ಗಾಟ. ಕೊನೆಗೆ ಪಾಲಿಸಿಯಲ್ಲಿ ಬರೆದಿದ್ದ ಹಣ ಪೂರ್ತಿ ಬಂತು. ಆದರೆ ಮೊದಲ ಮೂರು ವಾರ ನನಗೆ ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದವರ ಹಣವೇ ಜಾಸ್ತಿ ಕಟ್ ಆಗೋದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಬಿದ್ದ ಜಾಗದಿಂದಲೇ ಶುರು ಮಾಡೋಣ. ತಲೆಕೆಳಗಾದ ಗಾಡಿಯನ್ನು ನೆಟ್ಟಗೆ ಮಾಡಿದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: "ಒಂದ್ಸಲ ಸ್ಟಾರ್ಟ್ ಮಾಡಿ ನೋಡು." ದಯವಿಟ್ಟು ಮಾಡಬೇಡಿ. ಗಾಡಿ ಮಗುಚಿದಾಗ ಆಯಿಲ್ ಸಿಲಿಂಡರ್ ಒಳಗೆ ಇಳಿದಿರಬಹುದು, ಹಳ್ಳ ದಾಟುವಾಗ ಕೆಟ್ಟಿದ್ದರೆ ನೀರು ಹೋಗಿರಬಹುದು. ಕೀ ತಿರುಗಿಸಿದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಆಗ ಕಂಪನಿ, "ಎಂಜಿನ್ ಹಾಳಾಗಿದ್ದು ಅಪಘಾತದಿಂದಲ್ಲ, ಆಮೇಲೆ ನೀವು ಸ್ಟಾರ್ಟ್ ಮಾಡಿದ್ದರಿಂದ" ಅಂತ ಬರೆದು ಎಂಜಿನ್ ಖರ್ಚನ್ನು ಪೂರ್ತಿ ಬಿಟ್ಟುಬಿಡಬಹುದು. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ (ಹೆಚ್ಚು ಪ್ರೀಮಿಯಂ ಕಟ್ಟಿ ಎಂಜಿನ್‌ಗೆ ತೆಗೆದುಕೊಳ್ಳುವ ರಕ್ಷಣೆ) ಇಲ್ಲದವರಿಗಂತೂ ಅಲ್ಲೇ ದೊಡ್ಡ ಹೊಡೆತ. ಬ್ಯಾಟರಿ ವೈರ್ ಬಿಚ್ಚಿ, ಹಾಗೇ ಬಿಡಿ.

ಎತ್ತುವ ಮೊದಲು ಫೋಟೋ ತೆಗೆಯಿರಿ. ನಂಬರ್ ಪ್ಲೇಟ್ ಕಾಣುವ ಹಾಗೆ ನಾಲ್ಕೂ ಕಡೆಯಿಂದ, ದಾರಿ, ಜಾರಿದ ಗುರುತು, ಕೆಳಭಾಗ. ಗಾಡಿ ಮಗುಚಿ ಬಿದ್ದಿರುವಾಗ ಚಾಸಿ, ಅಂದರೆ ಬಾಡಿಯ ಅಡಿಯ ಚೌಕಟ್ಟು, ಕಾಣುವಷ್ಟು ಚೆನ್ನಾಗಿ ಆಮೇಲೆ ಕಾಣಲ್ಲ. ಕಂಪನಿಗೆ ಅವತ್ತೇ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಹತ್ತಿರದ ಠಾಣೆಯಲ್ಲಿ ವಿಷಯ ತಿಳಿಸಿ ಒಂದು ಪ್ರತಿ ಇಟ್ಟುಕೊಳ್ಳಿ, ಬೇರೆಯವರಿಗೆ ಪೆಟ್ಟಾಗದಿದ್ದರೂ ಸರಿ. ಕ್ರೇನ್‌ನವರಿಂದ ಬಿಲ್ ಮರೆಯದೆ ಬರೆಸಿಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಖಾಸಗಿ ಕಾರಿನ ಟೋಯಿಂಗ್‌ಗೆ ಕೊಡೋದು 1,500 ರೂಪಾಯಿ ಮಾತ್ರ, ಇಳಿಜಾರಿನಿಂದ ಗಾಡಿ ಎತ್ತೋಕೆ ನನಗೆ 26,000 ಆಯಿತು. ಹಾಗಿದ್ದರೂ ಆ ಬಿಲ್ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಎಲ್ಲರಿಗೂ ಭಯ ಇರುವ ಪ್ರಶ್ನೆ. ನಷ್ಟ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ಬಂದು "ಆಫ್‌ರೋಡಿಂಗ್ ಹೋಗಿದ್ರಾ?", ಅಂದರೆ ರಸ್ತೆ ಬಿಟ್ಟು ಓಡಿಸೋಕೆ ಹೋಗಿದ್ರಾ, ಅಂತ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಅಪಘಾತದ ವಿವರದಲ್ಲಿ ಸುಳ್ಳು ಬರೆದಿದ್ದು ಗೊತ್ತಾದರೆ ಕ್ಲೇಮ್ ಅಲ್ಲಿಗೇ ಮುಗಿಯಿತು, ಮತ್ತು ನಿಮ್ಮ ಜೊತೆ ಬಂದವರು ಅಷ್ಟರಲ್ಲಿ ವಿಡಿಯೋ ಹಾಕಿಯೂ ಆಗಿರುತ್ತದೆ. ಸುಳ್ಳು ಹೇಳುವ ಅಗತ್ಯವೂ ಇಲ್ಲ. ಪಾಲಿಸಿ ತೆಗೆದು "ಲಿಮಿಟೇಷನ್ಸ್ ಆ್ಯಸ್ ಟು ಯೂಸ್" (ಬಳಕೆಯ ಮಿತಿಗಳು) ಅನ್ನುವ ಸಾಲು ಓದಿ. ಬಾಡಿಗೆಗೆ ಓಡಿಸೋದು, ಸರಕು ಸಾಗಿಸೋದು, ಆಯೋಜಿತ ರೇಸ್, ಸ್ಪೀಡ್ ಟೆಸ್ಟ್, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತೆ ಅಂತ ನೋಡುವ ಪರೀಕ್ಷೆ), ಇಂಥವಕ್ಕೆ ರಕ್ಷಣೆ ಇಲ್ಲ ಅಂತ ಇರುತ್ತದೆ. ಮಣ್ಣು ದಾರಿಯಲ್ಲಿ ಓಡಿಸಬಾರದು ಅಂತ ನನ್ನ ಪಾಲಿಸಿಯಲ್ಲಿ ಎಲ್ಲೂ ಇರಲಿಲ್ಲ. ನಾನು ಬರೆದುಕೊಟ್ಟಿದ್ದು ಇಷ್ಟೇ: "ಗೆಳೆಯನ ತೋಟಕ್ಕೆ ಹೋಗುವ ಖಾಸಗಿ ಮಣ್ಣು ದಾರಿ, ಸ್ಪರ್ಧೆ ಇರಲಿಲ್ಲ, ಟೈಮಿಂಗ್ ಇರಲಿಲ್ಲ, ಎಂಟ್ರಿ ಫೀ ಇರಲಿಲ್ಲ." ನಿಮ್ಮದು ಟೈಮ್ ಹಾಕಿ ಬಹುಮಾನ ಕೊಡುವ ಚಾಲೆಂಜ್ ಆಗಿದ್ದರೆ ಕಥೆ ಬೇರೆ. ಅಂಥದ್ದಕ್ಕೆ ಹೋಗುವ ಮೊದಲೇ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು.

ಇನ್ನು ಅಸಲಿ ವಿಷಯ, ಲೆಕ್ಕ. ನಿಮ್ಮ ಪಾಲಿಸಿಯ ಮೊದಲ ಪುಟದಲ್ಲೇ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಅಂತ ಒಂದು ಮೊತ್ತ ಇದೆ, ಗಾಡಿಗೆ ಕಂಪನಿ ಒಪ್ಪಿದ ಬೆಲೆ ಅದು. ಗಾಡಿಯನ್ನು ಎತ್ತುವ ಮತ್ತು ರಿಪೇರಿ ಮಾಡುವ ಒಟ್ಟು ಖರ್ಚು ಐಡಿವಿಯ ಶೇ. 75 ದಾಟಿದರೆ ಅದು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ. ಆಗ ಐಡಿವಿ ಪೂರ್ತಿ ಬರುತ್ತದೆ, ಕಡ್ಡಾಯ ಕಡಿತ ಬಿಟ್ಟು. ಆ ಕಡಿತ 1500 ಸಿಸಿ ದಾಟಿದ ಗಾಡಿಗೆ 2,000, ಅದರ ಒಳಗಿದ್ದರೆ 1,000. ಹಾಗಾಗಿ 2.2 ಲೀಟರ್ ಡೀಸೆಲ್ ಥಾರ್‌ಗೆ 2,000, ಮಾರುತಿ ಜಿಮ್ನಿಗೆ 1,000. ಶೇ. 75ರ ಕೆಳಗೆ ಉಳಿದರೆ ಗಾಡಿ ರಿಪೇರಿಗೆ ಹೋಗುತ್ತದೆ, ಬಂಪರ್ ಟು ಬಂಪರ್ (ಸವಕಳಿ ಕಳೆಯದೆ ಹಣ ಕೊಡುವ ಆಡ್-ಆನ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಅರ್ಧ ಹಣ ನಿಮ್ಮ ಜೇಬಿನಿಂದ, ಲೋಹದ ಭಾಗಗಳಿಗೂ ಗಾಡಿ ವಯಸ್ಸು ನೋಡಿ ಕಡಿತ. ಸರಿಯಾಗಿ ಆಗದ ರಿಪೇರಿಯ ಗಾಡಿ ಜೀವನಪೂರ್ತಿ ನಿಮ್ಮ ಹತ್ತಿರವೇ. ಈ ಗೆರೆಯ ಯಾವ ಕಡೆ ನಿಮ್ಮ ಗಾಡಿ ಬೀಳುತ್ತದೆ ಅನ್ನೋದರ ಮೇಲೆಯೇ ಎಲ್ಲಾ ನಿಂತಿದೆ.

ನನ್ನ ಐಡಿವಿ 10,20,000. ಅದರ ಶೇ. 75 ಅಂದರೆ 7,65,000. ಸರ್ವೇಯರ್ ಹಾಕಿದ ಮೊದಲ ಲೆಕ್ಕ 6,90,000. ಬಾಡಿ, ಹಾರ್ಡ್ ಟಾಪ್, ಬಾಗಿಲು, ಗಾಜು, ಏರ್‌ಬ್ಯಾಗ್, ಮುಂದಿನ ಸಸ್ಪೆನ್ಷನ್, ಎಲ್ಲಾ ಇತ್ತು. ಚಾಸಿ ಮುಂದೆ "ರಿಪೇರಿ" ಅಂತ ಒಂದೇ ಪದ. ಬಾಗಿದ್ದನ್ನು ಎಳೆದು ನೆಟ್ಟಗೆ ಮಾಡ್ತಾರಂತೆ.

ಅವತ್ತು ನನ್ನ ಜೊತೆ ಹಾಸನದ ಹಳೇ ಜೀಪ್ ಮೆಕ್ಯಾನಿಕ್ ಒಬ್ಬರು ಬಂದಿದ್ದರು. ಅವರು ಏನೂ ಮಾತಾಡಲಿಲ್ಲ. ಬಾಡಿ ಬಿಚ್ಚಿಸಿ, ಚಾಸಿಯ ನಾಲ್ಕು ಮೌಂಟಿಂಗ್ ತೂತುಗಳಿಂದ ತೂಗುಗುಂಡು ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದರು. ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಅಳತೆ. ಸರಿಯಾಗಿರುವ ಚಾಸಿಯಲ್ಲಿ ಎರಡೂ ಒಂದೇ ಬರಬೇಕು. ನಮ್ಮದರಲ್ಲಿ 22 ಮಿಲಿಮೀಟರ್ ವ್ಯತ್ಯಾಸ. "ಇದು ತಿರುಚಿದೆ ಸಾರ್, ಎಳೆದರೂ ನಿಲ್ಲಲ್ಲ" ಅಂದರು. ನಾನು ಟೇಪ್ ಸಮೇತ ಫೋಟೋ ತೆಗೆದೆ, ಅದನ್ನು ಗ್ಯಾರೇಜಿನ ಬಾಡಿ ಶಾಪ್ ಮ್ಯಾನೇಜರ್‌ಗೆ ತೋರಿಸಿ, "ಇದನ್ನು ಎಳೆದು ಕೊಟ್ಟರೆ ಗಾಡಿ ನೇರ ಓಡುತ್ತೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡ್ತೀರಾ?" ಅಂತ ಕೇಳಿದೆ. ಕೊಡಲಿಲ್ಲ. ಬದಲಿಗೆ ಚಾಸಿ ಬದಲಾಯಿಸಬೇಕು ಅಂತ ಸಪ್ಲಿಮೆಂಟರಿ ಎಸ್ಟಿಮೇಟ್ ಕೊಟ್ಟರು. ಭಾಗ, ಬಿಚ್ಚಿ ಕಟ್ಟುವ ಕೂಲಿ ಸೇರಿ 1,60,000. ಒಟ್ಟು 8,50,000. ಗೆರೆ ದಾಟಿತು.

ಲ್ಯಾಡರ್ ಫ್ರೇಮ್ (ಏಣಿಯ ಆಕಾರದ ಬೇರೆ ಚಾಸಿ) ಇರುವ ಗಾಡಿ ಅಂದರೆ ಥಾರ್, ಜಿಮ್ನಿ, ಜಿಪ್ಸಿ, ಬೊಲೆರೊ, ಫಾರ್ಚುನರ್ ಇಟ್ಟುಕೊಂಡವರೆಲ್ಲ ಇದನ್ನು ನೆನಪಿಟ್ಟುಕೊಳ್ಳಿ. ಪಲ್ಟಿ ಹೊಡೆದ ಗಾಡಿಯ ಬಾಡಿ ನೋಡಿ ಎಲ್ಲರೂ ಲೆಕ್ಕ ಹಾಕುತ್ತಾರೆ, ಚಾಸಿಯನ್ನು ಅಳೆಯೋರು ಕಮ್ಮಿ. ಚಾಸಿ ಬದಲಾದರೆ ನಂಬರ್ ವಿಷಯಕ್ಕೆ ಆರ್‌ಟಿಒಗೆ ಓಡಾಡಬೇಕು, ಮಾರುವಾಗ ಬೆಲೆ ಬೀಳುತ್ತದೆ. ಇದನ್ನೂ ಪತ್ರದಲ್ಲಿ ಬರೆಯಿರಿ. ಹಾಗೇ ಬಿಚ್ಚದೆ ಮಾಡಿದ ಎಸ್ಟಿಮೇಟ್ ಒಪ್ಪಬೇಡಿ. ಟ್ರಾನ್ಸ್‌ಫರ್ ಕೇಸ್, ಆ್ಯಕ್ಸಲ್ ಹೌಸಿಂಗ್, ಸ್ಟೀರಿಂಗ್ ಬಾಕ್ಸ್ ಒಳಗಿನ ಪೆಟ್ಟು ಹೊರಗೆ ಕಾಣಲ್ಲ. ಬಿಚ್ಚಿದ ಮೇಲೆ ಸರ್ವೇಯರ್ ಇನ್ನೊಂದು ಸಲ ಬಂದು ನೋಡಬೇಕು ಅಂತ ಇಮೇಲ್‌ನಲ್ಲೇ ಕೇಳಿ.

ಕ್ರೇನ್ ಬಿಲ್ ಬೇಕು ಅಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೋಟಲ್ ಲಾಸ್ ಲೆಕ್ಕದಲ್ಲಿ ರಿಪೇರಿ ಜೊತೆ ಎತ್ತುವ ಖರ್ಚನ್ನೂ ಪಾಲಿಸಿ ಹೇಳುತ್ತದೆ. "ಪಾಲಿಸಿಯ ಷರತ್ತಿಗೆ ಒಳಪಟ್ಟು" ಅನ್ನೋ ಮಾತೂ ಜೊತೆಗಿದೆ, ಅದನ್ನು ಹಿಡಿದು ಕಂಪನಿಯವರು 1,500ಕ್ಕೇ ನಿಲ್ಲಿಸಲು ನೋಡಬಹುದು, ಸವಕಳಿ ಕಳೆದ ಮೇಲಿನ ಮೊತ್ತಕ್ಕೇ ಶೇ. 75 ನೋಡುತ್ತೇವೆ ಅಂತಲೂ ಹೇಳಬಹುದು. ಬಂಪರ್ ಟು ಬಂಪರ್ ಇದ್ದರೆ ಸವಕಳಿಯ ವಾದ ನಿಲ್ಲಲ್ಲ. ಅಂಚಿನಲ್ಲಿರುವ ಕ್ಲೇಮ್‌ಗೆ ಇಪ್ಪತ್ತು ಸಾವಿರವೂ ದೊಡ್ಡದೇ ಅಲ್ವಾ.

ಇನ್ನೊಂದು ಆಟ ಇದೆ. "ಈಗ ಮಾರ್ಕೆಟ್‌ನಲ್ಲಿ ಈ ಗಾಡಿಗೆ ಒಂಬತ್ತು ಲಕ್ಷವೇ ಇರೋದು, ಅಷ್ಟಕ್ಕೆ ಸೆಟಲ್ ಮಾಡೋಣ" ಅಂತ ಫೋನ್ ಬರುತ್ತದೆ. ನನಗೂ ಬಂತು. ಒಪ್ಪಬೇಡಿ. ಟೋಟಲ್ ಲಾಸ್‌ಗೆ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ಪಾಲಿಸಿ ಅವಧಿ ಪೂರ್ತಿ ಹಿಡಿಯಬೇಕು, ಮತ್ತೆ ಸವಕಳಿ ಕಳೆಯುವ ಹಾಗಿಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ನಾನು ಆ ಸಾಲಿಗೆ ಗೆರೆ ಎಳೆದು, ಫೋಟೋ ಕಳಿಸಿ, "ಒಂಬತ್ತು ಲಕ್ಷ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ತಿಳಿಸಿ" ಅಂತ ಕೇಳಿದೆ. ಆ ಮಾತು ಮತ್ತೆ ಬರಲೇ ಇಲ್ಲ. ಫೋನಿನಲ್ಲಿ ಏನೇ ಮಾತಾಡಿದರೂ ಅವತ್ತೇ "ನೀವು ಹೀಗೆ ಹೇಳಿದಿರಿ" ಅಂತ ಇಮೇಲ್ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಐಡಿವಿ ನಿಗದಿಯಾಗೋದು ರಿನ್ಯೂವಲ್ ದಿನ. ಪ್ರೀಮಿಯಂ ಎರಡು ಸಾವಿರ ಉಳಿಯಲಿ ಅಂತ ಕಮ್ಮಿ ಐಡಿವಿ ಆರಿಸಿಕೊಂಡವರು ಅಪಘಾತ ಆದಮೇಲೆ ಏನೂ ಮಾಡೋಕಾಗಲ್ಲ. ರಿಟರ್ನ್ ಟು ಇನ್‌ವಾಯ್ಸ್ ಆಡ್-ಆನ್ ಇದ್ದರೆ ಇನ್‌ವಾಯ್ಸ್ ಬೆಲೆ ಸಿಗುತ್ತದೆ. ಹಲವು ಪಾಲಿಸಿಗಳಲ್ಲಿ ರೋಡ್ ಟ್ಯಾಕ್ಸ್ ಕೂಡ ಸೇರುತ್ತದೆ, ಮತ್ತು ನಮ್ಮ ರಾಜ್ಯದ ಟ್ಯಾಕ್ಸ್ ಎಷ್ಟು ಅಂತ ನಿಮಗೇ ಗೊತ್ತು.

ಮಾಡಿಫಿಕೇಶನ್ ಬಗ್ಗೆ ನೇರವಾಗಿ ಹೇಳುತ್ತೇನೆ. ವಿಂಚ್, ಲೈಟ್ ಬಾರ್, ರೂಫ್ ರ್ಯಾಕ್, ಸ್ನಾರ್ಕೆಲ್, ಇವನ್ನೆಲ್ಲ ಪಾಲಿಸಿಯಲ್ಲಿ ಬೇರೆಯಾಗಿ ತೋರಿಸಿ ಪ್ರೀಮಿಯಂ ಕಟ್ಟಿರದಿದ್ದರೆ ಅವುಗಳ ಬೆಲೆ ಸಿಗಲ್ಲ. ಬೇಸರ ಆಗುತ್ತೆ, ಆದರೆ ಸಿಗಲ್ಲ. ಲಿಫ್ಟ್ ಕಿಟ್, ದೊಡ್ಡ ಟೈರ್ ಇದ್ದರೆ ಕಂಪನಿ ಕ್ಲೇಮನ್ನೇ ತಿರಸ್ಕರಿಸಲು ನೋಡಬಹುದು. ಆಗ ಎರಡು ವಾದ ಇದೆ. ಒಂದು, ಅಪಘಾತಕ್ಕೂ ಆ ಬದಲಾವಣೆಗೂ ಸಂಬಂಧ ಇಲ್ಲ ಅಂತ ತೋರಿಸೋದು. ಎರಡು, ಅಮಲೇಂದು ಸಾಹು ಪ್ರಕರಣ. ಅದರಲ್ಲಿ ಗಾಡಿಯನ್ನು ಬಾಡಿಗೆಗೆ ಬಿಟ್ಟು ಷರತ್ತು ಮುರಿದಿದ್ದರೂ, ಕ್ಲೇಮ್ ಪೂರ್ತಿ ತಳ್ಳಿಹಾಕುವ ಹಾಗಿಲ್ಲ, ನಾನ್-ಸ್ಟ್ಯಾಂಡರ್ಡ್ ಆಧಾರದಲ್ಲಿ, ಅಂದರೆ ಒಂದಷ್ಟು ಕಡಿತ ಮಾಡಿ, ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಪೂರ್ತಿ ಹೋಗೋ ಬದಲು ಒಂದು ಪಾಲು ಬಂದರೂ ದೊಡ್ಡದು.

ಟೋಟಲ್ ಲಾಸ್ ಅಂತ ಒಪ್ಪಿದ ಮೇಲೆ ಗಾಡಿ ಯಾರಿಗೆ ಅನ್ನೋ ಪ್ರಶ್ನೆ. ಕಂಪನಿಗೇ ಬಿಟ್ಟುಕೊಟ್ಟರೆ ಐಡಿವಿ ಪೂರ್ತಿ. ನೀವೇ ಇಟ್ಟುಕೊಂಡರೆ ಗುಜರಿ ಬೆಲೆ ಕಳೆದು ಉಳಿದದ್ದು. ಈ ಬೆಲೆ ಸಾಮಾನ್ಯವಾಗಿ ಆನ್‌ಲೈನ್ ಹರಾಜಿನಲ್ಲಿ ಬಂದ ಬಿಡ್, ಅದರ ಪಟ್ಟಿ ಕೇಳಿ. ಫೋರ್ ಬೈ ಫೋರ್ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಆ್ಯಕ್ಸಲ್‌ಗೆ ಒಳ್ಳೆ ಬೇಡಿಕೆ ಇದೆ, ಅದಕ್ಕೇ ಬಿಡ್ ಜಾಸ್ತಿ ಹೋಗುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲೋ ಜೆ.ಸಿ. ರಸ್ತೆಯಲ್ಲೋ ಎರಡು ಅಂಗಡಿ ವಿಚಾರಿಸಿ ನೋಡಿ. ನನ್ನ ಸಲಹೆ ಕೇಳಿದರೆ, ಚಾಸಿ ತಿರುಚಿದ ಗಾಡಿ ಇಟ್ಟುಕೊಳ್ಳಬೇಡಿ. ಮನಸ್ಸು ಒಪ್ಪಲ್ಲ, ಗೊತ್ತು. ನನ್ನ ಮಗಳು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ್ದ ಸ್ಟಿಕರ್ ಕಿತ್ತುಕೊಂಡು ಬರುವಾಗ ನನಗೂ ಗಂಟಲು ಕಟ್ಟಿತ್ತು.

ಗ್ಯಾರೇಜಿನವರು ಪಾರ್ಕಿಂಗ್ ಚಾರ್ಜ್, ಎಸ್ಟಿಮೇಟ್ ಚಾರ್ಜ್ ಅಂತ ಬಿಲ್ ಕೊಡುತ್ತಾರೆ. ಗಾಡಿ ಒಳಗೆ ಬಿಡುವ ಮೊದಲೇ ದಿನಕ್ಕೆಷ್ಟು ಅಂತ ಬರೆಸಿಕೊಳ್ಳಿ. ಕಂಪನಿ ತಡ ಮಾಡಿದ ದಿನಗಳ ಪಾರ್ಕಿಂಗ್ ಅವರೇ ಕೊಡಲಿ ಅಂತ ಕೇಳಿ. ನನಗೆ ಅರ್ಧ ಸಿಕ್ಕಿತು.

ಈಗ ಗಡುವು ಬಿಗಿಯಾಗಿದೆ, ನನ್ನ ಕಾಲಕ್ಕೆ ಇಷ್ಟು ಇರಲಿಲ್ಲ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ ಪ್ರಕಾರ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ವರದಿಯ ಪ್ರತಿ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಒಂದೊಂದು ಸಾಲನ್ನೂ ಗ್ಯಾರೇಜ್ ಎಸ್ಟಿಮೇಟ್ ಪಕ್ಕ ಇಟ್ಟು ನೋಡಿ, ಎಲ್ಲಿ ಕತ್ತರಿಸಿದ್ದಾರೆ, ಯಾಕೆ ಅಂತ ಪ್ರಶ್ನೆ ಕಳಿಸಿ. ಸರ್ವೇಯರ್ ವರದಿಯೇ ಅಂತಿಮ ಅಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ಮಾತು ಮುಂದೆ ಹೋಗದಿದ್ದರೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ದೂರು ಕೊಡಿ, ಜೊತೆಗೆ ಐಆರ್‌ಡಿಎಐನ ದೂರು ಜಾಲತಾಣ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇಂಥ ದೂರು ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ಕ್ಲೇಮ್ ನೋಡುತ್ತಾರೆ, ಫೀಸ್ ಇಲ್ಲ, ವಕೀಲರು ಬೇಡ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷ. ನಾನು ಅಷ್ಟು ದೂರ ಹೋಗಬೇಕಾಗಲಿಲ್ಲ, ಗ್ರೀವೆನ್ಸ್‌ಗೆ ಬರೆದ ಒಂಬತ್ತನೇ ದಿನ 10,18,000ದ ಆಫರ್ ಲೆಟರ್ ಬಂತು.

ಲೆಟರ್ ಜೊತೆ ಡಿಸ್ಚಾರ್ಜ್ ವೋಚರ್, ಅಂದರೆ ಹಣ ಒಪ್ಪಿದೆ ಅಂತ ನೀವು ಸಹಿ ಹಾಕುವ ಕಾಗದ, ಬರುತ್ತದೆ. "ಪೂರ್ತಿ ಮತ್ತು ಅಂತಿಮ" ಅಂತ ಇರುತ್ತದೆ. ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಬರೆಯಿರಿ. ವೋಚರ್‌ಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕರ ಹಕ್ಕು ಹೋಗಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ತಿಳಿಸಿದೆ. ಸಾಲ ಇದ್ದರೆ ಬಾಕಿ ಮೊದಲು ಬ್ಯಾಂಕಿಗೆ ಹೋಗುತ್ತದೆ, ಉಳಿದದ್ದು ನಿಮಗೆ. ಹಾಗಾಗಿ ಬ್ಯಾಂಕಿನ ಫೋರ್‌ಕ್ಲೋಸರ್ ಲೆಟರ್ (ಸಾಲ ತೀರಿಸಲು ಎಷ್ಟು ಕಟ್ಟಬೇಕು ಅನ್ನುವ ಪತ್ರ) ಮೊದಲೇ ತರಿಸಿಡಿ, ಕ್ಲೇಮ್ ನಡೀತಿರುವಾಗ ಇಎಂಐ ನಿಲ್ಲಿಸಬೇಡಿ.

ಕೊನೆಗೆ ಆರ್‌ಸಿ. ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಖಾಲಿ ಇರುವಾಗಲೇ ಸಹಿ ಮಾಡಿ ಯಾರ ಕೈಗೂ ಕೊಡಬೇಡಿ. ಜಜ್ಜಿಹೋದ ಗಾಡಿಯ ಆರ್‌ಸಿ ಮತ್ತು ಚಾಸಿ ನಂಬರ್ ಕದ್ದ ಗಾಡಿಗೆ ಅಂಟಿಕೊಳ್ಳೋದುಂಟು, ಪೊಲೀಸರು ಹುಡುಕಿಕೊಂಡು ಬರೋದು ನಿಮ್ಮ ಮನೆಗೆ. ಗಾಡಿ ಮತ್ತೆ ರಸ್ತೆಗಿಳಿಯಲ್ಲ ಅಂತಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ನಾನು ಅರ್ಜಿ ಕೊಟ್ಟು, ಸೀಲ್ ಹಾಕಿದ ಪ್ರತಿ ತೆಗೆದುಕೊಂಡು, ಗಾಡಿ ಒಯ್ಯಲು ಬಂದವರಿಂದ ದಿನ, ಸಮಯ, ಅವರ ಗುರುತಿನ ಚೀಟಿ ನಂಬರ್ ಬರೆಸಿ ಸಹಿ ಹಾಕಿಸಿಕೊಂಡೆ. ಆ ಎರಡು ಕಾಗದ ಇವತ್ತಿಗೂ ಬೀರುವಿನಲ್ಲಿವೆ.